ಬಿಚ್ಚಿ ಬಿಚ್ಚಿ ಹರಿದ ಹೊದಿಕೆ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿ, ಬಟ್ಟೆ ಒಗೆಯುವ ಕೋಣೆಯಲ್ಲಿ ಹಬೆ ಇನ್ನೂ ಆರಿಲ್ಲ. ಮೂಲೆಯ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸು ಹರಿದ ಬೆಡ್‌ಶೀಟೊಂದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಬಿಳಿ ತುಂಡು ಸಿಗದೆ ನೀಲಿಯದನ್ನೇ ಇಟ್ಟು ಟರ್ರೆಂದು ಹೊಲಿದುಬಿಡುತ್ತಾರೆ. ಹೊಲಿಗೆ ಸೊಟ್ಟ. "ಮಲಗೋರಿಗೆ ಚುಚ್ಚಬಾರದು, ಅಷ್ಟೇ" ಎನ್ನುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ತೇಪೆಯಕ್ಕ. ಇಪ್ಪತ್ತಾರು ವರ್ಷದಿಂದ ಇದೇ ಕುರ್ಚಿ, ದಿನಕ್ಕೆ ನಲವತ್ತು ಬೆಡ್‌ಶೀಟು. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಆ ಮಗಳನ್ನು ಸಾಕಿದ್ದು ಇದೇ ಸೂಜಿ. ಇಲ್ಲಿ ಮಲಗಿ ಎದ್ದು ಹೋದ ಯಾವ ರೋಗಿಗೂ ಇವರ ಮುಖ ಗೊತ್ತಿಲ್ಲ. ಇವರ ಬಗ್ಗೆ ಬರೆಯಲು ಬಂದ ನಾನು ಅದನ್ನೇ ಹೇಳಿ ಹೊಗಳಲು ಹೊರಟರೆ ತಡೆಯುತ್ತಾರೆ. "ಬೇಡ ಕಣಮ್ಮ. ನಮ್ಮನೆ ಕತೆ ಕೇಳಿದ್ರೆ ಉಗೀತೀಯ."

ಆ ಕತೆ ಇದು. ಮೊಮ್ಮಗಳು ಹುಟ್ಟುವ ಮೊದಲೇ ಅವಳಿಗೊಂದು ಹೊದಿಕೆ ಹೊಲಿಯಲು ಕೂತರು. ಮಗಳ ಹಳೆಯ ಫ್ರಾಕುಗಳ ಬಟ್ಟೆ. ಇದು ಮಾತ್ರ ಕಣ್ಣಿಗೊತ್ತಿಕೊಳ್ಳುವ ಹಾಗಿರಬೇಕೆಂಬ ಹಟ. ಒಂದು ಹೊಲಿಗೆ ಓರೆಯಾದರೂ ಇಡೀ ಸಾಲು ಬಿಚ್ಚುವುದು, ಮತ್ತೆ ಹೊಲಿಯುವುದು. ಮೊಮ್ಮಗಳಿಗೆ ಈಗ ಆರು ವರ್ಷ. ಹೊದಿಕೆ ಮಾತ್ರ ಮುಗಿಯದೆ ಟ್ರಂಕಿನಲ್ಲೇ ಇತ್ತು.

ಹೋದ ತಿಂಗಳು ಮಗು ಅಜ್ಜಿಯ ಜೊತೆ ಇಲ್ಲಿಗೆ ಬಂದಿತ್ತು. ಮಡಚಿಟ್ಟ ರಾಶಿ ನೋಡಿ ಕೇಳಿತು: "ಅಜ್ಜೀ, ಇವರಿಗೆಲ್ಲ ಇಷ್ಟೊಂದು ಹೊಲೀತೀಯಲ್ಲ, ನಂಗೆ ಮಾತ್ರ ಯಾಕಿಲ್ಲ?"

"ನೆಲ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು" ಎನ್ನುವಾಗ ತೇಪೆಯಕ್ಕ ತಲೆ ಎತ್ತುವುದಿಲ್ಲ. "ಮನೆಗೆ ಹೋಗಿ ತೆಗೆದ್ರೆ, ಬಿಚ್ಚಿದ ಜಾಗ ಎಲ್ಲ ಜರಡಿ. ಬೆರಳಿಟ್ಟೆ, ಪರ್ರಂತ ಹರೀತು. ಮಗು ಒಂದು ದಿನಾನೂ ಹೊದ್ದಿಲ್ಲ, ಹರಿದಿದ್ದು ನಾನೇ. ಪ್ರೀತಿ ಅಂದ್ಕೊಂಡಿದ್ದೆ ಕಣಮ್ಮ. ಬರೀ ಜಂಬ ಅದು."

ಮೂರು ವರ್ಷದಿಂದ ಮೊದಲ ಪುಟವನ್ನೇ ತಿದ್ದುತ್ತಿರುವ ನನ್ನ ಕಾದಂಬರಿ ನೆನಪಾಗಿ ನನಗೂ ನಾಚಿಕೆಯಾಗುತ್ತದೆ.

ಹೊದಿಕೆ ಈಗ ಯಂತ್ರದ ಕೆಳಗಿನ ಚೀಲದಲ್ಲಿದೆ. ಬಿಡುವು ಸಿಕ್ಕಾಗ ಹೊರಬರುತ್ತದೆ. ಹರಿದಲ್ಲೆಲ್ಲ ಬೆಡ್‌ಶೀಟಿಗೆ ಹಾಕುವಂತೆಯೇ ಕೈಗೆ ಸಿಕ್ಕಿದ ಬಣ್ಣದ ತೇಪೆ. ತೊಟ್ಟಿಲಿನ ಅಳತೆ ಆರು ವರ್ಷದವಳಿಗೆ ಸಾಲದೆಂದು ತುದಿಗೊಂದು ಪಟ್ಟಿ. ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ಮಾತ್ರ ಬಟ್ಟೆ ಒಗೆಯುವ ಅಣ್ಣನ ಜೇಬಿನಲ್ಲಿದೆ. ತಾವೇ ಕೇಳಿದರೂ ಕೊಡಬೇಡವೆಂದು ತೇಪೆಯಕ್ಕನೇ ಕೊಟ್ಟಿದ್ದಾರೆ. "ನಿನ್ನೆ ಎರಡು ಸಲ ಕೇಳಿದ್ರು, ನಾನು ಕಿವುಡ ಆಗ್ಬಿಟ್ಟೆ" ಎಂದು ಆತ ನಗುತ್ತಾನೆ.

ಪಟ್ಟಿ ಅರ್ಧ ಬೆರಳು ಓರೆಯಾಗಿದೆ. ನಾನು ಗಮನಿಸಿದ್ದು ತೇಪೆಯಕ್ಕನಿಗೂ ಗೊತ್ತಾಗುತ್ತದೆ. ಅವರ ಕೈ, ಕತ್ತರಿ ಇರುತ್ತಿದ್ದ ಜಾಗವನ್ನು ತಡವುತ್ತದೆ, ಖಾಲಿ ವಾಪಸು ಬರುತ್ತದೆ.

"ಓರೆ ಅಂತ ಚಳಿಗೇನು ಗೊತ್ತಾಗುತ್ತಾ?" ಎನ್ನುತ್ತಾರೆ, ದಾರ ಕಡಿಯುತ್ತಾ. "ಅವಳ ಕಾಲು ಮುಚ್ಚಿದ್ರೆ ಸಾಕು."