ಮಾಳಮಡ್ಡಿಯ ವಿಳಾಸ

ಎಚ್‌ಐವಿ ಇರುವವರಿಗೆ ತಿಂಗಳಿಗೊಮ್ಮೆ ಗರಗ ಎಂಬ ಹಳ್ಳಿಯಲ್ಲಿ ಸದ್ದಿಲ್ಲದೆ ಮಾತ್ರೆ ಹಂಚುವುದು ರೇಣವ್ವನ ಕೆಲಸ. ಊರಿಗೆ ತಿಳಿಯಬಾರದೆಂದು ಅಲ್ಲಿನ ಹನ್ನೊಂದು ಹೆಂಗಸರ ವಿಳಾಸವನ್ನು ಆಕೆ ರಿಜಿಸ್ಟರಿನಲ್ಲಿ ಧಾರವಾಡದ ಮಾಳಮಡ್ಡಿ ಎಂದೇ ಬರೆಯುತ್ತಿದ್ದಳು. ಯಾವ ಊರಿನಲ್ಲಿ ಎಷ್ಟು ಖರ್ಚಿಗೆ ಎಷ್ಟು ಜನರಿಗೆ ಉಪಯೋಗ ಎಂದು ಕಚೇರಿಯಲ್ಲಿ ಲೆಕ್ಕ ಹಾಕುವ ಸುಕನ್ಯಾ ಅದನ್ನು ನಂಬಿದಳು.

"ಗರಗದಾಗ ಒಬ್ಬರೂ ಇಲ್ಲಲ್ರಿ ಅಕ್ಕಾರ. ಅಲ್ಲಿ ಹಂಚೂದು ಬಂದ್ ಮಾಡ್ತೀವ್ರಿ."

"ಬಂದ್ ಮಾಡಿದ್ರ ಅವರು ಧಾರವಾಡಕ್ಕ ಬರಂಗಿಲ್ಲವಾ. ಮಾತ್ರಿನ ಬಿಡ್ತಾರ."

"ಯಾರು ಬಿಡ್ತಾರ್ರಿ? ರಿಜಿಸ್ಟರ್ ಬರದವ್ರು ನೀವ ಅಲ್ಲೇನು?"

ರೇಣವ್ವ ರಿಜಿಸ್ಟರನ್ನು ತನ್ನತ್ತ ಎಳೆದುಕೊಂಡಳು. ಹಂಚಿಕೆ ನಿಲ್ಲಿಸುವ ಊರುಗಳ ಪಟ್ಟಿ ಆ ಮಧ್ಯಾಹ್ನವೇ ಮೇಲಧಿಕಾರಿಗಳಿಗೆ ಹೋಗುವುದಿತ್ತು. ಹೆಂಗಸರನ್ನು ಕೇಳಿ ಬರಲು ಸಮಯವಿರಲಿಲ್ಲ. ಹನ್ನೊಂದು ಕಡೆ ಮಾಳಮಡ್ಡಿಯನ್ನು ಹೊಡೆದುಹಾಕಿ ಗರಗ ಎಂದು ಬರೆದಳು. ಹಂಚಿಕೆ ಉಳಿಯಿತು. ಮಾಡಿದ್ದನ್ನು ಆಕೆಯೇ ಮನೆಮನೆಗೆ ಹೋಗಿ ತಿಳಿಸಿದಳು.

ಮುಂದಿನ ತಿಂಗಳು ಹತ್ತು ಮಂದಿ ಬಂದರು. ಉಳಿದವಳ ಮಾತ್ರೆ ಹಿಡಿದು ರೇಣವ್ವ ಸಂಜೆಯವರೆಗೂ ಬಾಗಿಲಲ್ಲೇ ನಿಂತಿದ್ದಳು.