ಗೋಡೆಗೆ ಕೆನ್ನೆ ಆನಿಸುತ್ತಿದ್ದ ಆಂಟಿ

ಅಮೆರಿಕದ ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿ, ಗೋಡೆ ಒಣಗಿದೆಯೇ ಎಂದು ತಿಳಿಯಲು ಅದಕ್ಕೆ ಕೆನ್ನೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ನಮ್ಮ ಗ್ಯಾರೇಜಿನ ಕಾಂಕ್ರೀಟ್ ಬ್ಲಾಕ್ ಗೋಡೆಯ ಪೇಂಟ್ ಪ್ರತಿ ವರ್ಷವೂ ಹಪ್ಪಳದ ಹಾಗೆ ಏಳುತ್ತಿತ್ತು. ಮಗಳ ಗ್ರ್ಯಾಜುಯೇಶನ್ ಪಾರ್ಟಿಗೆ ಮೂರೇ ದಿನ ಇತ್ತು. ಮತ್ತೆ ಬಣ್ಣ ಬಳಿಯಲು ಹೊರಟ ನನ್ನನ್ನು ಅವರು ತಡೆದರು.

"ಒಳಗ ಇನ್ನೂ ಹಸಿ ಅದ. ಒಣಗಲಿ."

"ಬಂದವರು ಏನಂದ್ಕೋತಾರೆ ಆಂಟಿ?"

"ಒಣಗಲಿ," ಎನ್ನುತ್ತಲೇ ಹಳೆಯ ಪೇಂಟ್ ಕೆರೆದರು, ತೇವಕ್ಕೆ ಗೋಡೆಯ ಮೇಲೆ ಕಟ್ಟಿದ್ದ ಬಿಳಿ ಉಪ್ಪನ್ನು ಉಜ್ಜಿ ತೆಗೆದರು, ಗೋಡೆಗೆ ನೀರು ಬಿಡುತ್ತಿದ್ದ ಸೂರಿನ ಪೈಪನ್ನು ಆಚೆ ತಿರುಗಿಸಿದರು.

ಪಾರ್ಟಿಯ ದಿನ ಗೋಡೆ ಬರಿಮೈಯಲ್ಲಿ ನಿಂತಿತ್ತು. ನನಗೆ ನಾಚಿಕೆ. ಸಂಜೆಬಿಸಿಲಿಗೆ ಆ ಬೂದುಬಣ್ಣ ನಿಧಾನವಾಗಿ ಜೇನಿನ ಬಣ್ಣಕ್ಕೆ ತಿರುಗಿತು. ಮಗಳು ಗೆಳತಿಯರನ್ನೆಲ್ಲ ಅಲ್ಲೇ ಫೋಟೊಗೆ ನಿಲ್ಲಿಸಿ, "ಆಂಟಿ, ಯೂ ಟೂ!" ಎಂದು ಅವರನ್ನೂ ಎಳೆದಳು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಆಂಟಿ ಗೋಡೆಯನ್ನೇ ನೋಡುತ್ತಿದ್ದರು.

ಆಮೇಲೆ ಪೇಂಟ್ ಹಚ್ಚುವ ಮನಸ್ಸೇ ನನಗೆ ಬರಲಿಲ್ಲ.