ಬೊಂಬೆಯಕ್ಕನ ಗೋಡೆಯ ಮೇಲಿನ ಕಚೇರಿಗಳು

ಮೇಲಿನ ಮನೆಯಾಕೆ ಮಾಟ ಮಾಡುತ್ತಾಳೆ ಎಂದು ನಾನು ಕೆಲವು ದಿನ ಗಟ್ಟಿಯಾಗಿ ನಂಬಿದ್ದೆ. ನಂಬದೆ ಏನು ಮಾಡಲಿ? ನೀರಿನ ಟ್ಯಾಂಕು ತುಂಬಿದೆಯೋ ಇಲ್ಲವೋ ನೋಡಿಬರಲು ಮೆಟ್ಟಿಲು ಹತ್ತಿದವನು, ಅರ್ಧ ತೆರೆದ ಬಾಗಿಲಿನೊಳಗೆ ಹಾಗೇ ಕಣ್ಣು ಹಾಯಿಸಿದೆ. ಮೇಜಿನ ಮೇಲೆ ನಮ್ಮ ಮನೆ ಮಾಲೀಕರು ಅಂಗಾತ ಮಲಗಿದ್ದರು. ಉದ್ದ ಒಂದು ಗೇಣು, ಮೈಯೆಲ್ಲ ಬಟ್ಟೆಯದೇ. ಆದರೆ ಅದೇ ಬೋಳುತಲೆ, ಕಿವಿಯ ಮೇಲೆ ಅದೇ ನಾಲ್ಕೆಳೆ ಕೂದಲು, ಬಾಡಿಗೆ ಕೇಳುವಾಗ ಒಂದು ಪಕ್ಕಕ್ಕೆ ವಾಲುವ ಅದೇ ಬಾಯಿ. ಎದೆ, ಹೊಟ್ಟೆ, ಮಂಡಿ ಎನ್ನದೆ ಎಲ್ಲೆಂದರಲ್ಲಿ ಗುಂಡುಪಿನ್ನು. ಮಾಲೀಕರು ಹಿಂದಿನ ತಿಂಗಳಷ್ಟೇ ಬಾಡಿಗೆ ಏರಿಸಿದ್ದರು, ಆಮೇಲೆ ಅವರಿಗೆ ಸೊಂಟ ಹಿಡಿದುಕೊಂಡಿತ್ತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ನ್ಯಾಯಾಲಯ ಕೇಳೀತು?

ಕೆಳಗಿಳಿದು ಬಂದು ಹೆಂಡತಿಯ ಕಿವಿಯಲ್ಲಿ ವಿಷಯ ಹೇಳಿದೆ. ಅವಳು ಈರುಳ್ಳಿ ಹೆಚ್ಚುವ ಕೈ ನಿಲ್ಲಿಸದೆ, "ಹಾಗಾದ್ರೆ ಬಾಡಿಗೆ ಇಳೀಬಹುದಾ?" ಎಂದಳು.

ಕೆಲವು ದಿನದ ಮೇಲೆ ಅವಳೇ ಮೇಲೆ ಹೋಗಿ ಬಂದಳು. ಬರುವಾಗ ತಲೆಯಲ್ಲಿ ಹತ್ತಿಯ ಎಳೆಗಳಿದ್ದವು, ನಗು ತಡೆಯಲಾರದೆ ಕಣ್ಣಲ್ಲಿ ನೀರಿತ್ತು. ಮಾಟವೂ ಇಲ್ಲ ಮಂತ್ರವೂ ಇಲ್ಲ, ಆಕೆ ಬಟ್ಟೆಯ ಬೊಂಬೆ ಹೊಲಿದು ಆನ್‌ಲೈನಿನಲ್ಲಿ ಮಾರುತ್ತಾಳಂತೆ. ಜನ ತಮ್ಮವರ ಫೋಟೊ ಕಳಿಸುತ್ತಾರೆ, ಈಕೆ ಅದೇ ಮುಖದ ಬೊಂಬೆ ಮಾಡಿ ಕಳಿಸುತ್ತಾಳೆ. ಹೊಲಿಗೆ ಮುಗಿಯುವವರೆಗೆ ಬಟ್ಟೆ ಜಾರದಿರಲೆಂದು ಪಿನ್ನು. ಅಂದಿನಿಂದ ನಮಗೂ ಇಡೀ ಕಟ್ಟಡಕ್ಕೂ ಆಕೆ ಬೊಂಬೆಯಕ್ಕ.

ಮಾಲೀಕರ ಬೊಂಬೆಗೆ ಯಾರು ಫೋಟೊ ಕಳಿಸಿದ್ದರು ಎಂದು ನೀವು ಕೇಳಬಹುದು. ಯಾರೂ ಕಳಿಸಿರಲಿಲ್ಲ. ಆ ಕಥೆಯೇ ಇದು.

ಬೊಂಬೆಯಕ್ಕ ಬಹಳ ವರ್ಷ ಬಟ್ಟೆ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಕೋಟಿನ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು. ಜನರ ಸೊಂಟದ ಮೇಲೆ ಆಕೆಗಿದ್ದಷ್ಟು ಹಿಡಿತ ಅವರ ವೈದ್ಯರಿಗೂ ಇರಲಿಲ್ಲ. ಅಂಗಡಿ ಮುಚ್ಚಿದಾಗ ಕೈಗೆ ಬಂದದ್ದು ಕಿಟಕಿ ಪಕ್ಕ ತಾನು ಕೂರುತ್ತಿದ್ದ ಹಳೇ ಕುರ್ಚಿ ಮತ್ತು ಚೀಲಗಟ್ಟಲೆ ತುಂಡುಬಟ್ಟೆ. ಕುರ್ಚಿಯ ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಸಿದ ರಟ್ಟು. ತುಂಡುಬಟ್ಟೆಯಿಂದ ಬೊಂಬೆಗಳು ಹುಟ್ಟಿದವು. ಆಕೆಯ ಗಂಡ ಲಿಫ್ಟ್ ರಿಪೇರಿ ಮಾಡುವವರು, ದಿನವಿಡೀ ಮೇಲೆ ಕೆಳಗೆ ಓಡಾಡಿ ಮಾತು ಖರ್ಚಾಗಿಹೋದಂತಿರುವ ಮನುಷ್ಯ. ಬೊಂಬೆ ಮಾರೋಣವೇ ಎಂದು ಕೇಳಿದಾಗ "ಆಗುತ್ತೆ ಬಿಡು" ಎಂದರಂತೆ. ಆ ಮನೆಯಲ್ಲಿ ಅದು ದೊಡ್ಡ ಭಾಷಣ.

ಹುಟ್ಟುಹಬ್ಬಕ್ಕೊಂದು, ನಿವೃತ್ತಿಗೊಂದು ಎಂದು ಬೊಂಬೆಗಳು ಹೋಗುತ್ತಿದ್ದವು. ಅಷ್ಟರಲ್ಲಿ ಊರಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಿಂದ ಕೇಳಿಕೆ ಬಂತು. ಮಕ್ಕಳು ತಮ್ಮ ಕೈಯಾರೆ ಬ್ಯಾಂಡೇಜು ಸುತ್ತಿ, ಸುಳ್ಳು ಸೂಜಿ ಚುಚ್ಚಿ ಆಡುವ ಬೊಂಬೆ ಬೇಕು, ತಿಂಗಳು ತಿಂಗಳೂ ಬೇಕು. ಆದರೆ ವ್ಯಾಪಾರದ ನೋಂದಣಿ ಇರಬೇಕು, ತೆರಿಗೆ ಸಂಖ್ಯೆ ಇರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬೊಂಬೆಯಿಂದ ಮಗುವಿಗೆ ಏನಾದರೂ ಆದರೆ ಹೊಣೆ ಹೊರುವ ವಿಮೆ ಇರಬೇಕು. ತಿಂಗಳ ಕೊನೆಯೊಳಗೆ ವಿಮೆಯ ಪ್ರಮಾಣಪತ್ರ ತಂದರೆ ಆರ್ಡರು, ಇಲ್ಲದಿದ್ದರೆ ಬೇರೆಯವರಿಗೆ.

ಅತ್ತ ಸಿದ್ಧ ಉಡುಪಿನ ಕಾರ್ಖಾನೆಯೊಂದು ಆಕೆಗೆ ಕೆಲಸ ಕೊಡಲು ಒಪ್ಪಿತ್ತು. ಇಸ್ತ್ರಿ ವಿಭಾಗ, ಒಂದನೇ ತಾರೀಕಿನಿಂದ. ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕು. ಬೊಂಬೆಯಕ್ಕನ ಬಲಮಂಡಿ ಮೆಟ್ಟಿಲು ಹತ್ತುವಾಗಲೇ ಗೊಣಗುತ್ತದೆ. "ನಾನು ಕೂತು ಕೆಲಸ ಮಾಡೋಳು. ಈ ಕುರ್ಚಿ ಉಳಿಸ್ಕೊಂಡ್ರೆ ಸಾಕು" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದಳು. ಆಸ್ಪತ್ರೆಯ ಆರ್ಡರು ಬಂದರೆ ಕುರ್ಚಿ, ತಪ್ಪಿದರೆ ಇಸ್ತ್ರಿಪೆಟ್ಟಿಗೆ. ಲೆಕ್ಕ ಅಷ್ಟು ಸರಳವಾಗಿತ್ತು.

ಸರಳವಾದದ್ದನ್ನು ಜಟಿಲ ಮಾಡಲು ಆಕೆಯ ದೊಡ್ಡಣ್ಣ ಬಂದರು. ಯಾವುದೋ ಕಚೇರಿಯಲ್ಲಿ ಹೆಡ್ ಕ್ಲಾರ್ಕಾಗಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ತಂಗಿಯ ಮನೆಗೆ ಬರುವಾಗಲೂ ಟೋಪಿ ಹಾಕಿ, ಚರ್ಮದ ಬ್ಯಾಗು ಹಿಡಿದು, ಬಾಗಿಲಲ್ಲಿ ಒಂದು ಸಲ ಗಡಿಯಾರ ನೋಡಿಯೇ ಒಳಗೆ ಕಾಲಿಡುತ್ತಿದ್ದರು. "ವ್ಯವಸ್ಥೆ ಬೇಕಮ್ಮ, ವ್ಯವಸ್ಥೆ" ಎಂದು ಫೈಲುಗಳನ್ನು ತಂದು ಪೇರಿಸಿದರು. ಬಂದ ಕಾಗದದ್ದರ ಮೇಲೆ "ಆವಕ", ಕಳಿಸಿದ್ದರ ಮೇಲೆ "ಜಾವಕ", ಮತ್ತೊಂದರ ಮೇಲೆ "ಇತರೆ". ಸ್ವಲ್ಪ ದಿನದಲ್ಲೇ "ಇತರೆ" ಉಬ್ಬಿಹೋಗಿ "ಇತರೆ, ಮುಂದುವರಿದದ್ದು" ಎಂಬ ಹೊಸ ಫೈಲು ಹುಟ್ಟಿತು. ಹತ್ತಿ ಕೊಂಡ ರಸೀದಿಯನ್ನು ತೆರಿಗೆ ಕಚೇರಿಯಲ್ಲಿ ಕೇಳಿದಾಗ ಅಣ್ಣ ತಂಗಿ ಇಬ್ಬರೂ ಅರ್ಧ ದಿನ ಹುಡುಕಿದರು. ಅದು ಕೊನೆಗೆ ಸಿಕ್ಕಿದ್ದು ಅಣ್ಣನ ಟೋಪಿಯೊಳಗೆ. ಬಹಳ ಮುಖ್ಯ ಎಂದು ಅಲ್ಲಿಟ್ಟಿದ್ದರಂತೆ.

ಆ ಸಂಜೆ ಬೊಂಬೆಯಕ್ಕ ಫೈಲುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ ಸೂಜಿ ಹಿಡಿದಳು. ಆಕೆಗೆ ಅಕ್ಷರಕ್ಕಿಂತ ಮುಖ ಚೆನ್ನಾಗಿ ನೆನಪಿರುತ್ತದೆ. ಯಾವ ಕಾಗದ ಯಾವ ಫೈಲಿನಲ್ಲಿ ಎಂಬುದು ಮರೆತೀತು, ಯಾವ ಕಾಗದವನ್ನು ಯಾವ ಮುಖ ಕೇಳಿತು ಎಂಬುದು ಮರೆಯದು. ಹಾಗಾಗಿ ಒಂದೊಂದು ಕಚೇರಿಗೆ ಒಂದೊಂದು ಬೊಂಬೆ ಹೊಲಿದಳು, ಪ್ರತಿ ಬೊಂಬೆಯ ಹೊಟ್ಟೆಯಲ್ಲೂ ಒಂದು ಜೇಬು ಇಟ್ಟು ಗೋಡೆಯ ಮೊಳೆಗೆ ತೂಗುಹಾಕಿದಳು. ಕನ್ನಡಕಕ್ಕೆ ಸರ ಕಟ್ಟಿಕೊಂಡಿದ್ದ ತೆರಿಗೆ ಕಚೇರಿಯ ಅಮ್ಮ ಗೋಡೆಗೆ ಬಂದರು, ಅವರ ಹೊಟ್ಟೆಯಲ್ಲಿ ಹತ್ತಿ, ನೂಲು, ಕೊರಿಯರ್ ರಸೀದಿಗಳು ಮತ್ತು ಮಾರಾಟದ ಬಿಲ್ಲುಗಳು. ಕಿವಿಗೆ ಪೆನ್ನು ಸಿಕ್ಕಿಸಿಕೊಂಡ ಪರವಾನಗಿ ಗುಮಾಸ್ತ ಬಂದ, ಅವನಲ್ಲಿ ನೋಂದಣಿ ಪತ್ರ. ಮನೆಯಲ್ಲಿ ವ್ಯಾಪಾರ ನಡೆಸಲು ಮಾಲೀಕರ ಒಪ್ಪಿಗೆ ಪತ್ರ ಬೇಕಿತ್ತು, ಅದಕ್ಕಾಗಿ ಮಾಲೀಕರೂ ಬಂದರು. ನಾನು ಕಂಡದ್ದು ಅವರು ಬಂದ ದಿನ.

ತೆರಿಗೆ ಕಚೇರಿ ಲೆಕ್ಕ ಕೇಳಿದಾಗಲೆಲ್ಲ ಬೊಂಬೆಯಕ್ಕ ಕನ್ನಡಕದ ಅಮ್ಮನನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲೆ ಕೂರಿಸಿಕೊಂಡು, "ಏನಮ್ಮ, ಹೊಟ್ಟೆ ತುಂಬ್ತಾ? ತೋರ್ಸು ನೋಡೋಣ" ಎಂದು ಬಿಲ್ಲುಗಳನ್ನು ಕಕ್ಕಿಸುತ್ತಿದ್ದಳು. ತೆರಿಗೆಯನ್ನು ಇಷ್ಟು ವಾತ್ಸಲ್ಯದಿಂದ ಕಟ್ಟುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ದೊಡ್ಡಣ್ಣ ಮಾತ್ರ ಗೋಡೆ ನೋಡಿದಾಗಲೆಲ್ಲ ಮೂಗು ಮುರಿಯುತ್ತಿದ್ದರು. ಕೊನೆಗೆ ಸೋತು, "ಕನಿಷ್ಠ ಇವಕ್ಕೆ ನಂಬರಾದ್ರೂ ಹಾಕು" ಎಂದರು.

ಉಳಿದದ್ದು ವಿಮೆ. ವಿಮೆ ಕಚೇರಿಯ ಸಾಹೇಬರು ಮೃದು ಮಾತಿನವರು, ಕಾಗದದ ವಿಷಯದಲ್ಲಿ ಮಾತ್ರ ತೃಪ್ತಿ ಎಂಬುದನ್ನು ಕಂಡವರಲ್ಲ. ಮೊದಲು ಗುರುತಿನ ಪತ್ರ ಕೇಳಿದರು. ಆಮೇಲೆ ಬಾಡಿಗೆ ಕರಾರು. ಆಮೇಲೆ ಬೊಂಬೆಯ ಕಣ್ಣನ್ನು ಮಗು ಕಿತ್ತು ನುಂಗಿದರೆ ಎಂದರು. ಗುಂಡಿಯ ಕಣ್ಣು ಬೇಡವೆಂದು ಬೊಂಬೆಯಕ್ಕ ಮೊದಲೇ ದಾರದಲ್ಲಿ ಕಣ್ಣು ಹೊಲಿಯುತ್ತಿದ್ದಳು, ಮುಗಿದ ಮೇಲೆ ಪ್ರತಿ ಕಣ್ಣನ್ನೂ ತಾನೇ ಕಚ್ಚಿ ಎಳೆದು ನೋಡುತ್ತಿದ್ದಳು. ಅದನ್ನು ಹೇಳಿದಾಗ ಸಾಹೇಬರು, ನಿಮ್ಮ ಹಲ್ಲಿನ ಮೇಲೆ ನನಗೆ ನಂಬಿಕೆಯಿದೆ, ಆದರೆ ಪ್ರಯೋಗಾಲಯದ ವರದಿ ಬೇಕು ಎಂದರು. ಪ್ರತಿ ಭೇಟಿಗೂ ಒಂದು ಹೊಸ ಕಾಗದ. ಟೈ ಕಟ್ಟಿದ ಸಾಹೇಬರ ಬೊಂಬೆ ಗೋಡೆಗೆ ಬಂದಾಗ ಸಣಕಲಾಗಿತ್ತು. ಜೇಬು ಸಾಲದೆ ಬೊಂಬೆಯಕ್ಕ ಮತ್ತೆ ಮತ್ತೆ ಹೊಲಿಗೆ ಬಿಚ್ಚಿ ಹೊಟ್ಟೆಗೆ ಬಟ್ಟೆ ಸೇರಿಸಿದಳು.

ಕೊನೆಗೆ ಸಾಹೇಬರು, ಜಾಗ ನೋಡಲು ನಾನೇ ಬರುತ್ತೇನೆ ಎಂದು ದಿನ ಕೊಟ್ಟರು. ತಿಂಗಳ ಕೊನೆಗೆ ತೀರ ಹತ್ತಿರದ ದಿನ. ಎಲ್ಲ ಸರಿಯಾಯಿತು ಎನ್ನುವಾಗ ಮೇಲಿನ ಮನೆಯಿಂದ ಒಂದು ಹಾಹಾಕಾರ ಕೇಳಿಸಿತು. ಏನೆಂದು ನೋಡಲು ನಾವಿಬ್ಬರೂ ಓಡಿದೆವು. ಗೋಡೆಯ ಮೇಲೆ, ಸಾಹೇಬರ ಮೊಳೆಯಲ್ಲಿ, ಯಾರೋ ಅಪರಿಚಿತ ಹಿರಿಯರು ನೇತಾಡುತ್ತಿದ್ದರು. ಗಿರಾಕಿಯೊಬ್ಬಳು ತನ್ನ ತಂದೆಯ ಬೊಂಬೆ ಮಾಡಿಸಿದ್ದಳು, ಅವರಿಗೂ ಟೈ, ಅವರಿಗೂ ಹೊಟ್ಟೆ. ಪಾರ್ಸಲ್ ಕಟ್ಟುವ ಗಡಿಬಿಡಿಯಲ್ಲಿ ತಂದೆ ಗೋಡೆಗೆ ಹೋಗಿ, ವಿಮೆ ಸಾಹೇಬರು ಪ್ರಯೋಗಾಲಯದ ವರದಿ ಸಮೇತ ಕೊರಿಯರಿನಲ್ಲಿ ಹೊರಟುಹೋಗಿದ್ದರು. ಗಿರಾಕಿಯ ಸಂದೇಶ ಆಗಷ್ಟೇ ಬಂದಿತ್ತು. ಅಪ್ಪ ತುಂಬ ಚೆನ್ನಾಗಿ ಬಂದಿದ್ದಾರೆ, ಆದರೆ ಹೊಟ್ಟೆ ಒತ್ತಿದರೆ ಕಾಗದದ ಸದ್ದಾಗುತ್ತದೆ, ಅದು ಹಾಗೆಯೇ ಇರಬೇಕಾ ಎಂದು ಕೇಳಿದ್ದಳು.

ಬೊಂಬೆಯಕ್ಕ ಕುರ್ಚಿಯಲ್ಲಿ ಕುಸಿದು ಕೂತಿದ್ದಳು. ಆಕೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ, ಅಳುತ್ತಲೂ ಕೈ ದಾರ ಸುತ್ತುತ್ತಿತ್ತು. ಮಾತಾಡದ ಗಂಡ ಫೋನು ಎತ್ತಿಕೊಂಡು ಗಿರಾಕಿಗೆ ತಾವೇ ಎಲ್ಲ ವಿವರಿಸಿದರು. ನಿಜವಾದ ಅಪ್ಪನನ್ನು ಕಳಿಸುತ್ತೇವೆ, ಇವರನ್ನು ವಾಪಸು ಕೊಡಿ ಎಂದರು. ಗಿರಾಕಿ ಒಪ್ಪಲಿಲ್ಲ. ಅವಳ ತಾಯಿ ಆಗಲೇ ಬೊಂಬೆಯನ್ನು ಸೋಫಾದ ಮೇಲೆ ಕೂರಿಸಿ, ನಿಮ್ಮಪ್ಪ ಇಷ್ಟು ಸುಮ್ಮನೆ ಯಾವತ್ತೂ ಕೂತಿರಲಿಲ್ಲ ಎಂದು ಸಂತೋಷಪಟ್ಟಿದ್ದರಂತೆ. ಕೊನೆಗೆ ಬೆನ್ನಿನ ಹೊಲಿಗೆ ಬಿಚ್ಚಿ ಕಾಗದಗಳನ್ನಷ್ಟೇ ಕಳಿಸಲು ಒಪ್ಪಿದಳು.

ಕಾಗದಗಳು ತಲುಪಿದ್ದು ಸಾಹೇಬರು ಬರುವ ದಿನದ ಬೆಳಿಗ್ಗೆ. ಅವನ್ನು ಫೈಲಿಗೆ ಹಾಕೋಣ ಎಂದರು ದೊಡ್ಡಣ್ಣ. ಬೊಂಬೆಯಕ್ಕ ತಲೆಯಾಡಿಸಿದಳು. ಫೈಲಿಗೆ ಹೋದದ್ದು ತನಗೆ ಸಿಗುವುದಿಲ್ಲ, ಸಾಹೇಬರ ಎದುರಿಗೆ ತಡಕಾಡಿದರೆ ಕೆಲಸ ಕೆಟ್ಟಿತು ಎಂದು ಹೊಸ ಬೊಂಬೆ ಹೊಲಿಯಲು ಕೂತಳು. ಹೊಟ್ಟೆ ಮೊದಲು ಮಾಡಿದಳು, ಅದೇ ತಾನೇ ಮುಖ್ಯ. ಆಮೇಲೆ ಮುಖ, ಟೈ. ಕೈಕಾಲು ಪಿನ್ನಿನಲ್ಲಿ ನಿಂತಿದ್ದವು. ಅಷ್ಟರಲ್ಲಿ ಸಾಹೇಬರು ಬಂದರು, ಹೇಳಿದ ವೇಳೆಗಿಂತ ಮುಂಚೆ.

ಮೆಟ್ಟಿಲು ಎರಡೂ ಮನೆಗೆ ಸೇರಿದ್ದು ಎಂದು ಸಹಿ ಹಾಕಲು ನೆರೆಯವರು ಬೇಕಾಗಿತ್ತು, ಹಾಗಾಗಿ ನಾನೂ ಅಲ್ಲಿದ್ದೆ. ಸಾಹೇಬರು ಹತ್ತಿ ತುಂಬಿದ ಡಬ್ಬದ ಮುಚ್ಚಳ ತೆಗೆದು ಮುಚ್ಚಿದರು. ಒಲೆ ಬೇರೆ ಕೋಣೆಯಲ್ಲಿದೆಯೇ ನೋಡಿದರು. ಗಂಡ ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಬೆರಳಲ್ಲಿ ತಟ್ಟಿದರು. ಆಮೇಲೆ ತಿರುಗಿದರು. ಮೇಜಿನ ಮೇಲೆ ತಾವೇ ಅಂಗಾತ ಮಲಗಿದ್ದರು, ಕೈಕಾಲಿಗೆಲ್ಲ ಪಿನ್ನು ಚುಚ್ಚಿಸಿಕೊಂಡು.

ಹಿಂದೆ ಅದೇ ಮೇಜನ್ನು ನೋಡಿ ನನಗೇನನ್ನಿಸಿತ್ತು ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತು? ದೊಡ್ಡಣ್ಣ ಸಮಯಸ್ಫೂರ್ತಿ ತೋರಿ ತಮ್ಮ ಟೋಪಿ ತೆಗೆದು ಬೊಂಬೆಯ ಮುಖಕ್ಕೆ ಮುಚ್ಚಿದರು. ಹೊಟ್ಟೆ ಹೊರಗೇ ಉಳಿಯಿತು.

"ಇದು ನಾನಾ?" ಎಂದರು ಸಾಹೇಬರು, ಬಹಳ ಮೆಲ್ಲಗೆ.

"ಹೌದು ಸಾರ್, ನೀವೇ. ಇನ್ನೂ ಮುಗಿದಿಲ್ಲ, ಕೂತ್ಕೊಳ್ಳಿ" ಎಂದಳು ಬೊಂಬೆಯಕ್ಕ. ಟೋಪಿಯನ್ನು ಎತ್ತಿ ಅಣ್ಣನ ಕೈಗೆ ಕೊಟ್ಟಳು.

ಸಾಹೇಬರು ಕೂತರು. ಮುಖ ಬಿಗಿದುಕೊಂಡು ಗುರುತಿನ ಪತ್ರ ಕೇಳಿದರು. ಬೊಂಬೆಯಕ್ಕ ಬೊಂಬೆಯ ಟೈ ಸರಿಸಿ ಹೊಟ್ಟೆಗೆ ಕೈ ಹಾಕಿ ತೆಗೆದುಕೊಟ್ಟಳು. ಬಾಡಿಗೆ ಕರಾರು ಕೇಳಿದರು, ಅದೂ ಬಂತು. ಪ್ರಯೋಗಾಲಯದ ವರದಿ, ಬೆಂಕಿ ಸಿಲಿಂಡರಿನ ರಸೀದಿ, ಅರ್ಜಿಯ ಪ್ರತಿ, ಕೇಳಿ ಮುಗಿಸುವುದರೊಳಗೆ ಕೈಗೆ ಬರುತ್ತಿದ್ದವು. ಮಾಲೀಕರ ಒಪ್ಪಿಗೆ ಪತ್ರ ಕೇಳಿದಾಗ ಮಾತ್ರ ಆಕೆ ಎದ್ದು ಗೋಡೆಯಿಂದ ಮಾಲೀಕರನ್ನು ಇಳಿಸಿದಳು. ಸಾಹೇಬರು ಆಗ ಗೋಡೆಯನ್ನು ಪೂರ್ತಿ ನೋಡಿದರು. ಕನ್ನಡಕದ ಅಮ್ಮನನ್ನು ಕಂಡು ಅವರ ತುಟಿ ಅಲುಗಿತು, ಪರಿಚಯವಿತ್ತೇನೋ. ಆಮೇಲೆ ಬ್ಯಾಗಿನಿಂದ ಪ್ರಮಾಣಪತ್ರ ತೆಗೆದರು, ಸಹಿ ಮಾಡಿದರು, ಮುದ್ರೆ ಒತ್ತಿದರು. ಗಂಡ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಆರುವವರೆಗೆ ಊದುತ್ತ ನಿಂತರು. ಬೊಂಬೆಯಕ್ಕ ಒಂದು ಕೈಯಿಂದ ಕುರ್ಚಿಯ ಬೆನ್ನನ್ನು ಸವರಿದಳು.

ಸಾಹೇಬರು ಬಾಗಿಲವರೆಗೆ ಹೋದರು, ಚಪ್ಪಲಿ ಮೆಟ್ಟಿದರು. ಅಭ್ಯಾಸಬಲ, ಇವುಗಳದ್ದೆಲ್ಲ ಇನ್ನೊಂದೊಂದು ಪ್ರತಿ ನಾಳೆ ಕಚೇರಿಗೆ ತಲುಪಿಸಿಬಿಡಿ ಎಂದರು. ಹೊರಟವರು ಮತ್ತೆ ನಿಂತರು. ನಮ್ಮೆಲ್ಲರ ಮುಖ ತಪ್ಪಿಸಿ ಮೇಜಿನ ಕಡೆ ನೋಡುತ್ತ, ಶರ್ಟು ಎಳೆದುಕೊಳ್ಳುತ್ತ ಕೇಳಿದರು:

"ಅಲ್ಲಮ್ಮ, ನನ್ನ ಹೊಟ್ಟೆ ನಿಜವಾಗ್ಲೂ ಅಷ್ಟು ದೊಡ್ಡದಾ?"

ಬೊಂಬೆಯಕ್ಕ ಹಲ್ಲಲ್ಲಿ ದಾರ ಕಡಿದಳು.

"ನೀವು ಕಾಗದ ಕೇಳೋದು ಕಡಿಮೆ ಮಾಡಿ ಸಾರ್, ಇಳಿಯುತ್ತೆ."